ಏಳನೇ ಪುಟದ ನಷ್ಟ

ಹಿಂದಿನಿಂದ ಬಂದು ಗುದ್ದಿದವರದೇ ತಪ್ಪು. ಇದರಲ್ಲಿ ಎರಡು ಮಾತಿಲ್ಲ. ಚಲಿಸುವ ವಸ್ತು ನಿಂತ ವಸ್ತುವಿಗೆ ಡಿಕ್ಕಿ ಹೊಡೆದರೆ ಏನಾಗುತ್ತದೆಂದು ಗುಂಡ್ಲುಪೇಟೆಯ ಕಾಲೇಜಿನ ಕರಿಹಲಗೆಯ ಮೇಲೆ ನಾನೇ ಎಷ್ಟು ಸಲ ಬರೆದಿದ್ದೆನೋ! ಆದ್ದರಿಂದ, ಆ ನಿಂತ ವಸ್ತು ನಾನೇ ಆದಾಗ, ಪರಿಹಾರ ಪಡೆಯುವುದು ಸಣ್ಣದೊಂದು ಲೆಕ್ಕವೆಂದು ನಂಬಿದ್ದೆ. ಆ ಲೆಕ್ಕದೊಳಗೆ ನನ್ನ ಮದುವೆ ಸಿಕ್ಕಿಹಾಕಿಕೊಳ್ಳುತ್ತದೆಂದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ.

ಅಪ್ಪನ ಹಳೆಯ ಕಾರಿನಲ್ಲಿ ಚಾಮರಾಜನಗರಕ್ಕೆ ಹೊರಟಿದ್ದೆ. ತೆರಕಣಾಂಬಿಯ ಹತ್ತಿರ ಕುರಿಮಂದೆಯೊಂದು ರಸ್ತೆ ದಾಟುತ್ತಿತ್ತು. ನಿಯಮದಂತೆ ನಿಂತೆ. ನನ್ನ ಹಿಂದೆ ಚೆಂಡುಹೂವಿನ ಮೂಟೆ ಹೇರಿಕೊಂಡು ಬರುತ್ತಿದ್ದ ಟೆಂಪೋಗೆ ನಿಯಮಗಳ ಪರಿಚಯವಿರಲಿಲ್ಲ. ಧಡ್! ಕತ್ತು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ. ಮೂಟೆಗಳು ಬಿಚ್ಚಿಕೊಂಡು ಕಾರಿನ ತುಂಬ ಹೂವು.

ಡ್ರೈವರ್ ಇಳಿದು ಬಂದ. "ಯಾಕವ್ವ ನಿಲ್ಸ್ಬುಟ್ಟೆ?"

"ಕುರಿ ಅಡ್ಡ ಬಂದವು."

"ಕುರಿಗಂತ ನಿಲ್ಸಾದಾ? ಆರನ್ ಒಡುದ್ರೆ ಅವೇ ಓಯ್ತವೆ ಕಣವ್ವ!"

ಅಷ್ಟರಲ್ಲಿ ಸೈಕಲ್ಲಿನಲ್ಲಿ ಬಂದ ಮುದುಕರೊಬ್ಬರು ಹೂವಿನ ಕಾರನ್ನು ಸುತ್ತು ಹಾಕಿ ನೋಡಿ, "ಮದ್ವೆ ಗಾಡಿಯಾ? ಗಂಡೆಲ್ಲವ್ವ?" ಎಂದು ಕೇಳಿದರು. ಉತ್ತರ ಹೇಳಲು ಕತ್ತು ತಿರುಗಲಿಲ್ಲ.

ಮೂರು ತಿಂಗಳು ಕತ್ತಿಗೆ ಪಟ್ಟಿ. ಅಪ್ಪನ ಪರಿಚಯದ ವಕೀಲರೊಬ್ಬರು ಚಾಮರಾಜನಗರದಲ್ಲಿ ಪರಿಹಾರದ ಅರ್ಜಿ ಸಿದ್ಧಪಡಿಸಿ ಓದಲು ಕೊಟ್ಟರು. ನಾನು ಓದಿದೆ. ನನ್ನಷ್ಟು ಎಚ್ಚರದಿಂದ ಅಂಥ ಅರ್ಜಿಯನ್ನು ಯಾರೂ ಓದಿರಲಾರರು. ಕಾರು ಮೂವತ್ತು ಅಡಿ ಮುಂದಕ್ಕೆ ಹೋಯಿತೆಂದು ಬರೆದಿದ್ದರು.

"ಹನ್ನೊಂದು ಅಡಿ ಸರ್. ಆಮೇಲೆ ಹೋಗಿ ಅಳೆದಿದ್ದೇನೆ."

"ಕತ್ತು ಉಳುಕಿಸ್ಕಂಡು ಟೇಪ್ ಇಡ್ಕಂಡು ಓಗಿದ್ಯಾ?" ವಕೀಲರು ನನ್ನನ್ನು ಮರುಕದಿಂದ ನೋಡಿ ಹನ್ನೊಂದು ಎಂದು ತಿದ್ದಿದರು. ಕುರಿಗಳ ಸಂಖ್ಯೆಯನ್ನೂ ತಿದ್ದಿಸಿದೆ. ಹೀಗೆ ಅರ್ಧ ಗಂಟೆ ಸತ್ಯವನ್ನು ಕಾಪಾಡುತ್ತ ಏಳನೇ ಪುಟಕ್ಕೆ ಬಂದೆ. ಅಲ್ಲಿ ಹೀಗಿತ್ತು: 'ಸದರಿ ಅಪಘಾತದಿಂದ ಅವಿವಾಹಿತೆಯಾದ ಅರ್ಜಿದಾರಳ ಕತ್ತಿಗೆ ಶಾಶ್ವತ ಊನವುಂಟಾಗಿ, ಆಕೆ ವಿವಾಹಕ್ಕೆ ಅಯೋಗ್ಯಳಾಗಿದ್ದು, ಮದುವೆಯ ಅವಕಾಶ ನಷ್ಟವಾಗಿರುತ್ತದೆ.'

ಕಿವಿ ಬಿಸಿಯಾಯಿತು. ಅಪ್ಪನ ವಯಸ್ಸಿನ ಗಂಡಸಿನೊಡನೆ ನನ್ನ ಮದುವೆಯ ಅವಕಾಶಗಳನ್ನು ಚರ್ಚಿಸುವುದೇ? ಅಮ್ಮನೊಡನೆಯೇ ಆ ಮಾತು ಆಡಿದವಳಲ್ಲ ನಾನು.

"ಇದು..." ಎಂದೆ.

"ಅದು ಎಲ್ಲಾ ಎಣ್ಮಕ್ಕಳ ಕೇಸಲ್ಲೂ ಆಕದು ಕಣಮ್ಮಿ. ಯಾರು ಓದಾರು ಬುಡು."

ನಾನು ಪುಟ ತಿರುಗಿಸಿದೆ. ಸಹಿ ಹಾಕಿದೆ. ಹನ್ನೊಂದು ಅಡಿಗಾಗಿ ಹೋರಾಡಿದ ವೀರವನಿತೆ, ಒಂದು ಇಡೀ ಜೀವನವನ್ನು ನಾಚಿಕೆಯಿಂದ ಬಿಟ್ಟುಕೊಟ್ಟಳು!

ಪಟ್ಟಿ ಬಿಚ್ಚಿದ ಮೇಲೆ ಚಂದಕವಾಡಿಯಿಂದ ಒಂದು ಸಂಬಂಧ ಬಂತು. ಹುಡುಗ ಮಹದೇವಸ್ವಾಮಿ, ರೇಷ್ಮೆ ಇಲಾಖೆಯ ನೌಕರ. ತಾಯಿಯೊಡನೆ ಬಂದು ಕೂತವರು ಸ್ವಲ್ಪ ಹೊತ್ತಿನಲ್ಲೇ ಎದ್ದು, ಕುರ್ಚಿಯನ್ನು ಎತ್ತಿ ನನ್ನ ನೇರ ಎದುರಿಗೆ ಇಟ್ಟುಕೊಂಡರು. "ಪಕ್ಕಕ್ಕೆ ತಿರುಗೋಕೆ ನೋಯ್ತದೆ ಅನ್ಸುತ್ತೆ. ಹಿಂಗೆ ಕೂತ್ರೆ ನಿಮಗೂ ಸಲೀಸು" ಎಂದರು. ನನ್ನ ಕತ್ತಿನ ಮೇಲೆ ಅಲ್ಲಿಯವರೆಗೆ ಬೇಕಾದಷ್ಟು ಜನ ಕನಿಕರ ತೋರಿಸಿದ್ದರು. ಕುರ್ಚಿ ಎತ್ತಿಟ್ಟವರು ಇವರೊಬ್ಬರೇ.

ಅವರು ಹೋದ ಮೇಲೆ ಅಮ್ಮ, "ಎಂಗೆ?" ಎಂದರು.

"ಆಗಬಹುದು" ಎಂದೆ. ನನ್ನ ಮಟ್ಟಿಗೆ ಅದು ಕುಣಿದಾಟ. ಅಮ್ಮನಿಗೂ ಅದು ಗೊತ್ತಿತ್ತು. ಅಂದೇ ಪಾಯಸ ಮಾಡಿದರು. ಮರುದಿನವೇ ಎರಡೂ ಕಡೆಯವರು ಒಪ್ಪಿಗೆ ಹೇಳಿ ಕಳಿಸಿದರು.

ಎಂಟು ದಿನಕ್ಕೆ ಹುಡುಗನ ಸೋದರಮಾವ ಒಬ್ಬರೇ ಬಂದರು. ಚಾಮರಾಜನಗರದ ಕೋರ್ಟಿನೆದುರು ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿಗಳನ್ನು ಟೈಪು ಮಾಡುವುದು ಅವರ ಕಸುಬು. ಕಾಫಿ ಲೋಟ ಮುಟ್ಟಲಿಲ್ಲ.

"ಉಡ್ಗಿ ಎಸ್ರು ಕೇಳ್ದಾಗ್ಲೇ ಎಲ್ಲೋ ಟೈಪ್ ಒಡ್ದಿವ್ನಲ್ಲ ಅನ್ನುಸ್ತು. ಕಾರ್ಬನ್ ಕಾಪಿ ತಗ್ದು ನೋಡುದ್ರೆ, ನಿಮ್ಮ ಮಗ್ಳೇ ಸಹಿ ಆಕವ್ಳೆ, ಮದ್ವೆಗೆ ಲಾಯಕ್ಕಿಲ್ಲ ಅಂತ! ನನ್ ಕೈಯಾರ ಟೈಪ್ ಮಾಡಿವ್ನಿ ಕಣಕ್ಕ, ನಾಕು ಕಾಪಿ."

ಅಮ್ಮ ನನ್ನ ಮುಖ ನೋಡಿದರು. "ಏನಮ್ಮಿ ಇದು?"

"ಅದು ಎಲ್ಲರ ಕೇಸಲ್ಲೂ ಹಾಕುವುದಂತೆ" ಎಂದೆ.

"ಅಂಗಾರೆ ಕೋರ್ಟಿಗೆ ಏಳಿದ್ದು ಸುಳ್ಳಾ, ಮದ್ವೆಗೆ ಒಪ್ಗೆ ಅಂತ ನಮ್ಗೆ ಏಳಿದ್ದು ಸುಳ್ಳಾ?" ಎಂದರು ಮಾವ. "ಒಂದ್ನ ಏಳ್ಬುಡವ್ವ. ಆಮೇಲೆ ಮುಂದ್ಲ ಮಾತು."

ಅವರ ಧ್ವನಿಯಲ್ಲಿ ಜಗಳವಿರಲಿಲ್ಲ. ಇದ್ದಿದ್ದರೆ ಅಳಬಹುದಿತ್ತು, ಸಿಟ್ಟಾಗಬಹುದಿತ್ತು. ನ್ಯಾಯವಾದ ಪ್ರಶ್ನೆಗೆ ಏನು ಮಾಡುವುದು? ಆ ರಾತ್ರಿಯೆಲ್ಲ ಯೋಚಿಸಿದೆ. ಟೆಂಪೋದವನು ಮುರಿದದ್ದು ಕಾರಿನ ಹಿಂಭಾಗವನ್ನು ಮಾತ್ರ. ಉಳಿದದ್ದನ್ನು ನಾನೇ ಸಹಿ ಹಾಕಿ ಮುರಿದಿದ್ದೆ.

ಸಾಕ್ಷಿ ನುಡಿಯುವ ದಿನ ಬಂತು. "ಕೇಳಿದ್ಕೆ ಊಂ ಅನ್ನು, ಸಾಕು" ಎಂದರು ನಮ್ಮ ವಕೀಲರು. ಕಟಕಟೆ ಹತ್ತಿದೆ. ಟೆಂಪೋದ ವಿಮೆಯವರ ಕಡೆಯ ವಕೀಲರು ಸರಸರನೆ ಏಳನೇ ಪುಟಕ್ಕೆ ಬಂದರು.

"ಅಪಘಾತ ಆದ ಮೇಲೆ ನಿಮಗೆ ಗಂಡೇ ಸಿಕ್ಕಿಲ್ಲ ಅನ್ನಿ?"

"ಒಬ್ಬರು ಬಂದಿದ್ದರು."

ನಮ್ಮ ವಕೀಲರು ಕೆಮ್ಮಿದರು.

"ಕತ್ತು ನೋಡಿ ಬೇಡ ಅಂದ್ರಾ?"

"ಇಲ್ಲ. ಕತ್ತು ನೋಡಿಯೂ ಒಪ್ಪಿದ್ದರು. ಈ ಅರ್ಜಿ ನೋಡಿದ ಮೇಲೆ ಮಾತು ನಿಂತಿದೆ."

"ಅಂದ್ರೆ, ಮದುವೆ ಅವಕಾಶ ನಷ್ಟವಾಗಿದ್ದು ಅಪಘಾತದಿಂದ ಅಲ್ಲ. ನಷ್ಟವಾಗಿದೆ ಅಂತ ನೀವು ಹಾಕಿದ ಅರ್ಜಿಯಿಂದ!"

ಯೋಚಿಸಿದೆ. ತರ್ಕದಲ್ಲಿ ದೋಷವಿರಲಿಲ್ಲ. "ಹೌದು" ಎಂದೆ.

ಕೋರ್ಟು ಘೊಳ್ಳೆಂದಿತು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ತಮ್ಮ ಸರದಿಗೆ ಕಾಯುತ್ತಿದ್ದವರೂ ನೋವು ಮರೆತು ನಕ್ಕರು. ನ್ಯಾಯಾಧೀಶರು ಕನ್ನಡಕ ತೆಗೆದರು. "ನಿಮಗೆ ಆ ಹುಡುಗ ಒಪ್ಪಿಗೆಯೇನಮ್ಮ?"

ಅಮ್ಮನಿಗೂ ಬಾಯಿ ಬಿಟ್ಟು ಹೇಳದ ಮಾತು. "ಒಪ್ಪಿಗೆ" ಎಂದೆ.

"ಕೇಳಿಸ್ಲಿಲ್ಲ ಮೇಡಂ" ಎಂದರು ಬೆರಳಚ್ಚುಗಾರ್ತಿ.

"ಒಪ್ಪಿಗೆ ಇದೆ!"

ಟಕಟಕ ಎಂದು ಅದೂ ದಾಖಲಾಯಿತು. ಕೆಳಗಿಳಿದು ಇಡೀ ಮೈಯನ್ನು ತಿರುಗಿಸಿ ನೋಡಿದರೆ, ಬಾಗಿಲ ಬಳಿ ಟೈಪಿನ ಮಾವ. ಅವರ ಪಕ್ಕದಲ್ಲಿ, ಕಿವಿಯವರೆಗೂ ಕೆಂಪಾಗಿ, ಮಹದೇವಸ್ವಾಮಿ.

"ಎರಡು ಕಡೆಗೂ ಒಂದೇ ಮಾತಾಯ್ತು ಬುಡವ್ವ" ಎಂದರು ಮಾವ. "ಈಗ ಕಾಫಿ ಕುಡಿಯನ ನಡೀರಿ."

ತೀರ್ಪು ಬರುವಷ್ಟರಲ್ಲಿ ನಮ್ಮ ಮದುವೆಯಾಗಿ ವರ್ಷವಾಗಿತ್ತು. ಆಸ್ಪತ್ರೆಯ ಖರ್ಚಿಗೂ ನೋವಿಗೂ ಪರಿಹಾರ ಸಿಕ್ಕಿತು. ಮದುವೆಯ ಬಾಬ್ತಿನ ಮುಂದೆ ಮಾತ್ರ, 'ಅರ್ಜಿದಾರಳ ಸ್ವಂತ ಹೇಳಿಕೆಯಿಂದಲೇ ಈ ಬೇಡಿಕೆ ಬಿದ್ದುಹೋಗಿದೆ' ಎಂದಿತ್ತು.

"ನೀ ಒಂದು ಗಳಿಗೆ ಸುಮ್ಗಿದ್ದಿದ್ರೆ ಆ ದುಡ್ಡೂ ಸಿಕ್ಬುಡ್ತಿತ್ತಲ್ಲಮ್ಮಿ!" ಎಂದು ವಕೀಲರು ತೀರ್ಪಿನ ಪ್ರತಿ ಕೊಡುತ್ತ ಹಲುಬಿದರು.

ಹುಟ್ಟಿದಾಗಿನಿಂದ ಸುಮ್ಮನಿದ್ದವಳು ನಾನು. ಮನಸ್ಸಿನ ಮಾತನ್ನು ಬಾಯಿಬಿಟ್ಟು ಹೇಳಿದ್ದು ಇಡೀ ಜನ್ಮದಲ್ಲಿ ಒಂದೇ ಸಲ. ಅದನ್ನೂ ನನ್ನ ವಿರುದ್ಧದ ಸಾಕ್ಷ್ಯವೆಂದು ಬರೆದುಕೊಂಡರು!