ಜೂಮ್ ಇಲ್ಲದ ತಮ್ಮ ಕ್ಯಾಮೆರಾದ ಮೇಲೆ ನನ್ನ ತಕರಾರು

ಇವರಿಗೆ,
ಪ್ರಾಂತೀಯ ವ್ಯವಸ್ಥಾಪಕರು,
ಕ್ಯಾಮೆರಾ ಮಾರಾಟ ವಿಭಾಗ, ಹೈದರಾಬಾದ್.

ಮಾನ್ಯರೇ,

ತಾವು, ತಮ್ಮ ಮನೆಮಂದಿ, ತಮ್ಮ ಕಚೇರಿಯ ಏಸಿ ಹಾಗೂ ಈ ವರ್ಷದ ತಮ್ಮ ಮಾರಾಟದ ಗುರಿ ಎಲ್ಲವೂ ಕ್ಷೇಮವೆಂದು ನಂಬಿ, ಎರಡೂ ಕೈ ಜೋಡಿಸಿ ಈ ಪತ್ರ ಬರೆಯುತ್ತಿದ್ದೇನೆ. ನನ್ನ ಹೆಸರು ವಿಶಾಲಾಕ್ಷಿ. ಪಟಾನ್‌ಚೆರು ರಸ್ತೆಯಲ್ಲಿರುವ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಯಂತ್ರಗಳ ಬಿಡಿಭಾಗಗಳ ಚಿತ್ರ ಬರೆಯುತ್ತಿದ್ದೇನೆ. ಆದಕಾರಣ ಗೆರೆ ಎಲ್ಲಿ ಸೊಟ್ಟಗಿದೆ ಎಂದು ಹುಡುಕುವುದು ನನಗೆ ಹತ್ತಿದ ಚಟ. ಎಂಟು ವರ್ಷಗಳ ಹಿಂದೆ ತಮ್ಮ ಕಂಪನಿಯ ಮೂರನೇ ಮಾದರಿಯ ಪುಟ್ಟ ಕ್ಯಾಮೆರಾ ಕೊಂಡೆ. ಅಂಗೈಯಲ್ಲಿ ಅಡಗುತ್ತದೆ. ಲೆನ್ಸು ಬಿಚ್ಚಲು ಬರುವುದಿಲ್ಲ, ಬದಲಿಸಲು ಬರುವುದಿಲ್ಲ, ಜೂಮ್ ಅಂತೂ ಇಲ್ಲವೇ ಇಲ್ಲ. ದೂರದ್ದು ದೊಡ್ಡದಾಗಿ ಕಾಣಬೇಕೆಂದರೆ ನಾವೇ ಚಪ್ಪಲಿ ಮೆಟ್ಟಿಕೊಂಡು ಹೋಗಬೇಕು.

ಇದರಿಂದ ನನಗಾದ ತೊಂದರೆಯನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯವಾಗಿದೆ. ಕ್ಯಾಮೆರಾ ಕೊಂಡ ವಾರವೇ ನಮ್ಮ ಕ್ವಾರ್ಟರ್ಸ್ ಗೇಟಿನ ಎದುರು ಜೋಳದ ರೊಟ್ಟಿ ಬಡಿದು ಮಾರುವ ಅಂಬವ್ವನ ಫೋಟೋ ತೆಗೆಯಲು ಹೊರಟೆ. ಆಕೆ ಲಿಂಗಸುಗೂರು ಕಡೆಯವಳು; ಔಷಧ ಕಾರ್ಖಾನೆಗಳಿಗೆ ಬೆಳಗಿನ ಪಾಳಿಯ ಬಸ್ಸು ಹಿಡಿಯುವವರೆಲ್ಲ ಆಕೆಯ ಕಡೆ ರೊಟ್ಟಿ ಕಟ್ಟಿಸಿಕೊಂಡೇ ಹೋಗುವುದು. ಅಷ್ಟು ವರ್ಷ ಆ ಗೇಟಿನಲ್ಲಿ ಓಡಾಡಿಯೂ 'ಎರಡು ಕೊಡ್ರಿ' ಎಂಬುದರ ಆಚೆ ನಾನು ಆಕೆಯೊಡನೆ ಮಾತಾಡಿದವಳಲ್ಲ. ರಸ್ತೆಯ ಈಚೆ ನಿಂತು ತೆಗೆದರೆ ಅಂಬವ್ವ ಸಾಸಿವೆಕಾಳಿನಷ್ಟು ಬಂದಳು. ಹತ್ತು ಹೆಜ್ಜೆ ಮುಂದೆ ಹೋದರೆ ಕಡಲೆಕಾಳಿನಷ್ಟು. ಇನ್ನೂ ಎಷ್ಟು ನಡೆಯಬೇಕೋ ಎಂದು ನಿಂತಿರುವಾಗ ಆಕೆಯೇ ಹಿಟ್ಟಿನ ಕೈ ಎತ್ತಿ ಕೂಗಿದಳು:

"ಅಲ್ಲೇ ನಿಂತು ಕಳ್ಳಬೆಕ್ಕಿನಂಗ ಏನ್ ನೋಡಾಕತ್ತೀಯವ್ವಾ? ಹತ್ರ ಬಾ. ನಾನೇನ್ ಹುಲಿ ಅದೀನೇನು?"

ಹೋಗಿ ಆಕೆಯ ಪಕ್ಕ ಕೂತೆ. ಕೂತದ್ದೇ ತಪ್ಪಾಯಿತು, ಮಾನ್ಯರೇ. ಆಕೆಯ ಮಗ ಚೇತನಕುಮಾರನ ಮದುವೆಯಲ್ಲಿ ನಾನು ಅಕ್ಕಿಕಾಳು ಹಂಚುತ್ತ ನಿಲ್ಲಬೇಕಾಯಿತು. ನನ್ನ ಪಿತ್ತಕೋಶದ ಆಪರೇಷನ್ ಆದಾಗ ಆಕೆ ಹದಿನೈದು ದಿನ ನಮ್ಮ ಅಡುಗೆಮನೆಯನ್ನು ಆಳಿದಳು. ಆಕೆಯ ಮೊಣಕಾಲಿಗೆ ಎಣ್ಣೆ ತರುವುದು, ನನ್ನ ಮಗಳ ಪರೀಕ್ಷೆಗೆ ಆಕೆ ಹರಕೆ ಹೊರುವುದು, ಇವೆಲ್ಲ ಒಂದರ ಹಿಂದೊಂದು ಅಂಟಿಕೊಂಡವು. ಇಂಥದ್ದು ಆಗಬಹುದು ಎಂದು ತಾವು ಡಬ್ಬಿಯ ಮೇಲೆ ಎಲ್ಲಿಯೂ ಬರೆದಿರಲಿಲ್ಲ. ನಮ್ಮ ಕಡೆ ಮಾತ್ರೆ ಮಾಡುವವರು ಕೂಡ ಅಡ್ಡಪರಿಣಾಮಗಳ ಚೀಟಿ ಇಟ್ಟಿರುತ್ತಾರೆ.

ಹೀಗಿರುತ್ತ ತಾವು ನಾಲ್ಕನೇ ಮಾದರಿಯನ್ನು ಬಿಡುಗಡೆ ಮಾಡಿ ದೇಶದ ಗೌರವ ಹೆಚ್ಚಿಸಿದಿರಿ. ಅರವತ್ತು ಮೆಗಾಪಿಕ್ಸೆಲ್ಲು, ದೂರದಿಂದಲೇ ತೆಗೆದು, ಬೇಡವಾದದ್ದನ್ನು ಕತ್ತರಿಸಿ, ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಧೂಳು ಒಳಗೆ ಹೋಗುವುದಿಲ್ಲ, ಮುಖಗಳನ್ನು ತಾನೇ ಹುಡುಕಿ ಹಿಡಿಯುತ್ತದೆ. ಮಗಳು ಸಂಯುಕ್ತಾ ಮೂರು ಸಂಜೆ ನನ್ನನ್ನು ಕೂರಿಸಿ ಎರಡೂ ಮಾದರಿಗಳ ಹೋಲಿಕೆಯ ವಿಡಿಯೋ ತೋರಿಸಿದಳು. ನನ್ನ ಯಜಮಾನರಾದ ಹನುಮಂತರಾಯರು ಮಾತ್ರ ಪೇಪರಿನಿಂದ ತಲೆ ಎತ್ತದೆ, "ಇರೋದಕ್ಕ ಏನಾಗೈತಿ?" ಎಂದರು. ಅವರು ಇದೇ ಪ್ರಶ್ನೆಯನ್ನು ಫ್ರಿಜ್ಜಿನ ಬಗ್ಗೆ, ಸ್ಕೂಟರಿನ ಬಗ್ಗೆ, ಒಮ್ಮೆ ತಮ್ಮ ಹಲ್ಲಿನ ಬಗ್ಗೆಯೂ ಕೇಳಿದವರಾದ್ದರಿಂದ ನಾನು ಲಕ್ಷ್ಯ ಕೊಡಲಿಲ್ಲ.

ನಿರ್ಧಾರಕ್ಕೆ ಅವಸರವಿತ್ತು. ರಸ್ತೆ ಅಗಲ ಮಾಡುವವರು ಬಂದು ಅಂಬವ್ವನ ಒಲೆಯ ನಟ್ಟನಡುವೆ ಬಿಳಿ ಗೆರೆ ಎಳೆದು ಹೋಗಿದ್ದರು. ಚೇತನಕುಮಾರ ವಿಮಾನ ನಿಲ್ದಾಣದಲ್ಲಿ ಸಾಮಾನು ಇಳಿಸುವ ಕೆಲಸದಲ್ಲಿದ್ದಾನೆ. ಶಂಶಾಬಾದಿನಲ್ಲಿ ಬಾಡಿಗೆ ಮನೆ ಹಿಡಿದು, "ಇನ್ನ ಸಾಕು, ನಮ್ ಕೂಡ ಇರು ಬಾ ಯವ್ವಾ" ಎಂದು ತಾಯಿಯನ್ನು ಕರೆದಿದ್ದ. ಆ ವಾರದ ಭಾನುವಾರವೇ ಆ ಗೇಟಿನಲ್ಲಿ ಆಕೆಯ ಕೊನೆಯ ದಿನವಾಗಿತ್ತು. ಆ ದಿನದ ಫೋಟೋ ಅತ್ಯುತ್ತಮ ಕ್ಯಾಮೆರಾದಲ್ಲೇ ಬರಬೇಕೆಂದು ನನ್ನ ಆಸೆಯಾಗಿತ್ತು.

ಶನಿವಾರ ಕೋಠಿಯ ಕ್ಯಾಮೆರಾ ಅಂಗಡಿಗೆ ಹೋದೆ. ಮಾಲೀಕ ಅಮಿತ ಎಂಬವರು ತಲೆನೆರೆತ ಸಜ್ಜನರು. "ಹಳೇದು ಇಲ್ಲಿಡಿ, ಹೊಸದು ಎರಡು ದಿನ ಬಳಸಿ ನೋಡಿ, ಬೇಡವಾದರೆ ಸೋಮವಾರ ವಾಪಸ್ ತನ್ನಿ," ಎಂದರು. ಇಟ್ಟೆ. ಆಗ ಜೇಬು ಖಾಲಿಯಾದಂತೆ ಏನೋ ಆಯಿತು. ಆದರೂ ಹೊಸದರ ಹೊಳಪಿನಲ್ಲಿ ಮರೆತೆ.

ಭಾನುವಾರ ಬೆಳಿಗ್ಗೆ ತಮ್ಮ ನಾಲ್ಕನೇ ಮಾದರಿಯ ಗೌರವಾರ್ಥ ನಾನು ರಸ್ತೆ ದಾಟಲೇ ಇಲ್ಲ. ಬೇವಿನ ಮರದ ಕೆಳಗೆ ನಿಂತು ಒತ್ತಿದೆ, ಕತ್ತರಿಸಿದೆ, ಹಿಗ್ಗಿಸಿದೆ. ಆಹಾ, ಅಂಬವ್ವನ ಹುಬ್ಬಿನ ಒಂದೊಂದು ಕೂದಲು, ಮೂಗುಬಟ್ಟಿನ ಹರಳು, ಉಗುರಿನ ಸಂದಿಯ ಹಿಟ್ಟು! ಹೆಮ್ಮೆಯಿಂದ ಓಡಿಹೋಗಿ ತೋರಿಸಿದೆ. ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಬಹಳ ಹೊತ್ತು ನೋಡಿದಳು.

"ಛಲೋ ಬಂದೈತಿ," ಎಂದಳು. "ಸತ್ತ ಮ್ಯಾಲ ಗ್ವಾಡಿಗೆ ಹಾಕಾಕ ಭಾಳ ಛಲೋ ಆಕ್ಕೈತಿ. ಆದರ ಇದನ್ನ ತೆಗೀವಾಗ ನೀ ಎಲ್ಲಿದ್ದಿ?"

"ಆ ಮರದ ಕೆಳಗ."

"ಅಲ್ಲ್ಯಾಕ? ನಾ ಊರು ಬಿಡೋ ಮೊದಲ ನೀ ನನ್ನ ಬಿಟ್ಟಿಯೇನು?"

ಆಕೆ ನಕ್ಕೇ ಕೇಳಿದ್ದು. ಆದರೆ ನನ್ನ ಮುಖಕ್ಕೆ ಒಲೆಯ ಝಳ ಹೊಡೆದಂತಾಯಿತು. ಅಂಗಡಿ ಎತ್ತುವ ದಿನ ಪಕ್ಕದಲ್ಲಿ ಕೂರಬೇಕಾದವಳು ಆ ಬದಿಯಿಂದ ಆಕೆಯ ಹುಬ್ಬು ಎಣಿಸುತ್ತಿದ್ದೆ. ತಕ್ಷಣ ಕೂತು ಹತ್ತಿರದಿಂದ ತೆಗೆಯಲು ನೋಡಿದೆ. ಮುಖವನ್ನು ತಾನೇ ಹುಡುಕುವ ತಮ್ಮ ಮೇಧಾವಿ ಕ್ಯಾಮೆರಾ ಅಂಬವ್ವನನ್ನು ಬಿಟ್ಟು, ಹಿಂದಿನ ಕಂಬಕ್ಕೆ ಕಟ್ಟಿದ್ದ ಯಾವುದೋ ಸ್ಥಳೀಯ ಮುಖಂಡರ ಹುಟ್ಟುಹಬ್ಬದ ಬ್ಯಾನರನ್ನು ಹಿಡಿಯಿತು. ಹದಿನೇಳು ಸಲ ಒತ್ತಿದೆ. ಹದಿನೇಳು ಸಲವೂ ಮುಖಂಡರು ಸ್ಪಷ್ಟ, ಅಂಬವ್ವ ಮಂಜು. ಯಾರ ಮುಖಕ್ಕೆ ಬೆಲೆ ಹೆಚ್ಚೆಂದು ಅದಕ್ಕೆ ಹೇಳಿಕೊಟ್ಟ ತಮ್ಮ ಇಂಜಿನಿಯರರಿಗೆ ನನ್ನ ಅನಂತ ಅಭಿನಂದನೆಗಳು. ಹನ್ನೊಂದು ಗಂಟೆಗೆ ಚೇತನಕುಮಾರ ಟೆಂಪೋ ತಂದ. ಹೆಂಚು, ಹಿಟ್ಟಿನ ಡಬ್ಬ, ಅಂಬವ್ವ, ಎಲ್ಲವೂ ಹೋದವು.

ಸೋಮವಾರ ಅಂಗಡಿ ತೆರೆಯುವ ಮೊದಲೇ ಕೋಠಿಯಲ್ಲಿದ್ದೆ. ನನ್ನ ಹಳೆಯದನ್ನು ಕೊಡಿರೆಂದೆ. ಅಮಿತ ಹಣೆ ಒತ್ತಿಕೊಂಡರು.

"ಗಲ್ತಿ ಹೋ ಗಯಾ ಮೇಡಂ, ತಪ್ಪಾಯಿತು. ನಾನು ಊಟಕ್ಕೆ ಹೋದಾಗ ನನ್ನ ತಮ್ಮ ಅದನ್ನು ಮಾರಿಬಿಟ್ಟಿದ್ದಾನೆ. ಈಗಿನವರಿಗೆ ಹಳೇ ಮಾದರಿ ಅಂದರೆ ಪ್ರಾಣ."

ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಪಾಪ, ಅವರೇ ನೀರು ಕೊಟ್ಟು, ಕೊಂಡವಳಿಗೆ ಫೋನ್ ಮಾಡಿ, ಹೊಸದನ್ನು ಪಡೆದು ಹಳೆಯದನ್ನು ಕೊಡಲು ಒಪ್ಪಿಸಿದರು. ಪಿಂಕಿ ಎಂಬ ಹುಡುಗಿ, ಮಾದಾಪುರದಲ್ಲಿ ಇಂಜಿನಿಯರು. ಅಮೀರಪೇಟೆಯಲ್ಲಿ ಮೆಟ್ರೊ ಬದಲಿಸಿ ಹೋದೆ. ಆಫೀಸಿನ ಮುಂದೆ ನನ್ನ ಕ್ಯಾಮೆರಾವನ್ನು ಅಲುಗಾಡಿಸುತ್ತ ನಿಂತಿದ್ದಳು. ನಾನು ತೆಲುಗಿನಲ್ಲಿ ಆರಂಭಿಸಿದೆ, ಅವಳು ಹಿಂದಿಯಲ್ಲಿ ಉತ್ತರಿಸಿದಳು, ಎರಡು ನಿಮಿಷದಲ್ಲಿ ಅವಳು ಭಾಲ್ಕಿಯ ಕನ್ನಡದವಳೆಂದು ತಿಳಿಯಿತು.

"ಆಂಟಿ, ಇದು ಕೆಟ್ಟದ ನೋಡ್ರಿ. ಆ ಚಾ ಅಂಗಡಿ ಫೋಟೋ ತೆಗೀಬೇಕಂದ್ರ ಜೂಮೇ ಆಗವಲ್ದು."

ಇಲ್ಲಿ ಬಾಯಿ ಮುಚ್ಚಿಕೊಂಡು ಅದಲುಬದಲು ಮಾಡಿಕೊಂಡು ಬಂದಿದ್ದರೆ ಈ ಪತ್ರ ಇರುತ್ತಿರಲಿಲ್ಲ. ನಾನು ದೊಡ್ಡ ಗುರುವಿನಂತೆ, "ಕೆಟ್ಟಿಲ್ಲವಾ, ಅದಕ್ಕ ಜೂಮ್ ಇಲ್ಲ. ನೀನ ನಡಕೊಂಡು ಹೋಗು," ಎಂದೆ. ಹೋದಳು. ಒಂದು ನಿಮಿಷದಲ್ಲಿ ಬರುತ್ತಾಳೆಂದುಕೊಂಡೆ, ಕಾಲು ಗಂಟೆಯಾಯಿತು. ಬಂದಾಗ ಕೈಯಲ್ಲಿ ಎರಡು ಚಹಾ, ಮುಖದಲ್ಲಿ ಏನೋ ಸಿಕ್ಕವರ ಗೆಲುವು.

"ಆಂಟಿ! ನಾಲ್ಕು ವರ್ಷದಿಂದ ಆ ಚಾ ಅಂಗಡಿಯವರ ಕೂಡ ಹಿಂದಿಯೊಳಗ ಮಾತಾಡಲತ್ತೀನಿ. ಇವತ್ತ ಊರು ಕೇಳಿದ್ರ, ಯಾದಗಿರಿಯವರಂತ! ಮೌನಪ್ಪ ಅಂತ ಹೆಸರು. ಕನ್ನಡ ಕೇಳಿ ಅವರ ಕಣ್ಣಾಗ ನೀರೇ ಬಂತು." ಎರಡೂ ಚಹಾ ನನ್ನ ಕೈಗಿಟ್ಟು ಕ್ಯಾಮೆರಾವನ್ನು ಎದೆಗೆ ಒತ್ತಿಕೊಂಡಳು. "ಇದು ನನಗೇ ಇರಲೇನ್ರಿ?"

ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆಚೆಯಿಂದ ಮೌನಪ್ಪ, "ಸಕ್ಕರಿ ಸಾಕಾತೇನ್ರವಾ?" ಎಂದು ಕೂಗಿದ. ಅವಳು ತಿರುಗಿ ಉತ್ತರ ಕೊಟ್ಟ ರೀತಿ ನೋಡಿ 'ನೀನ ಇಟ್ಟುಕೊ' ಎಂದುಬಿಟ್ಟೆ. ಚಹಾ ಕುಡಿದು, ಹಳೆಯ ಕ್ಯಾಮೆರಾದ ಬ್ಯಾಟರಿ ಯಾವಾಗ ಹಠ ಮಾಡುತ್ತದೆಂದು ಅವಳಿಗೆ ಹೇಳಿ, ನಾಲ್ಕನೇ ಮಾದರಿಯ ಒಡತಿಯಾಗಿ ಮನೆಗೆ ಬಂದೆ. ಮೆಟ್ರೊದಲ್ಲಿ ಸ್ವಲ್ಪ ಅತ್ತೆನೆಂಬುದನ್ನು ಯಜಮಾನರಿಗೆ ಹೇಳಿಲ್ಲ. ತಾವೂ ಹೇಳಬಾರದಾಗಿ ಪ್ರಾರ್ಥನೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ತಮ್ಮ ಐದನೇ ಮಾದರಿಯು, ಎದುರಿಗಿರುವವರ ಹೆಸರು, ಊರು, ಊಟವಾಯಿತೇ ಎಂಬ ಮೂರನ್ನು ಕೇಳುವವರೆಗೆ ಕ್ಲಿಕ್ ಆಗತಕ್ಕದ್ದಲ್ಲ. ಬ್ಯಾನರಿನ ಮುಖ ಕಂಡರೆ ಅದು ತಾನೇ ಕಣ್ಣು ಮುಚ್ಚಿಕೊಳ್ಳತಕ್ಕದ್ದು.

ಕಳೆದ ಭಾನುವಾರ ಶಂಶಾಬಾದಿಗೆ ಹೋಗಿದ್ದೆ. ಅಂಬವ್ವ ಎರಡನೇ ಮಹಡಿಯಲ್ಲಿ ಗ್ಯಾಸಿನ ಮೇಲೆ ಹೆಂಚಿಟ್ಟು, ವಿಮಾನ ನಿಲ್ದಾಣದ ಪಾಳಿಯವರಿಗೆ ಆಗಲೇ ರೊಟ್ಟಿ ಕಟ್ಟುತ್ತಿದ್ದಳು. ಸೊಸೆಗೆ ಜ್ವರ, ಎಪ್ಪತ್ತು ರೊಟ್ಟಿಯ ಬೇಡಿಕೆ. "ಬಂದಿ? ಆ ಡಬ್ಬಿ ಅಲ್ಲಿಟ್ಟು ಹಿಟ್ಟು ನಾದು," ಎಂದಳು. ತಮ್ಮ ಕ್ಯಾಮೆರಾವನ್ನು ಕಿಟಕಿಯಲ್ಲಿಟ್ಟೆ. ಸಂಜೆಯವರೆಗೆ ನಾದಿದೆ. ಅಂದು ಒಂದೂ ಫೋಟೋ ತೆಗೆಯಲಾಗಲಿಲ್ಲ. ಎರಡೂ ಕೈ ಮೊಣಕೈವರೆಗೆ ಹಿಟ್ಟಾಗಿತ್ತು.

ತಮ್ಮ ಕಂಪನಿಗೆ ಸಿಕ್ಕಿಬಿದ್ದ,
ತಮ್ಮ ವಿಶ್ವಾಸಿ,
ವಿಶಾಲಾಕ್ಷಿ

ತಾ.ಕ.: ಈ ದೂರನ್ನು ತಮ್ಮ ಜಾಲತಾಣದಲ್ಲಿ ಸಲ್ಲಿಸಲು ಹೋದಾಗ, 'ದೂರಿಗೆ ಕಾರಣವಾದ ಉಪಕರಣದ ಸ್ಪಷ್ಟ ಫೋಟೋ ಲಗತ್ತಿಸಿ' ಎಂದು ಅದು ಪಟ್ಟು ಹಿಡಿಯಿತು. ತಮ್ಮ ಕ್ಯಾಮೆರಾ ತನ್ನ ಫೋಟೋ ತಾನೇ ತೆಗೆದುಕೊಳ್ಳಲಾರದಾದ್ದರಿಂದ, ಯಜಮಾನರ ಒಡೆದ ಗಾಜಿನ ಹಳೇ ಮೊಬೈಲಿನಲ್ಲಿ ತೆಗೆದು ಕಳಿಸಿದ್ದೇನೆ. ತಾವು ಬೇಸರ ಮಾಡಿಕೊಳ್ಳಬಾರದು. ಬಹಳ ಚೆನ್ನಾಗಿ ಬಂದಿದೆ.