ಉದರಾವತಿಯ ರಾಜತೇಗು

ಬಹಳ ಹಿಂದೆ ಉದರಾವತಿ ಎಂಬ ರಾಜ್ಯವಿತ್ತು. ಮಹಾರಾಜ ಮೃಷ್ಟಾನ್ನಭೂಪರು ಉಂಡು ತೇಗಿದ ಮೇಲೆಯೇ ಪ್ರಜೆಗಳು ಉಣ್ಣಬೇಕೆಂಬುದು ಅಲ್ಲಿಯ ಶಿಷ್ಟಾಚಾರ. ದೊರೆ ಊಟಕ್ಕೆ ಕುಳಿತರೆ ಕಹಳೆ, ತೇಗಿದರೆ ನಗಾರಿ. ಆ ನಗಾರಿ ಬಾರಿಸುವ ಹುದ್ದೆ ಕೆಂಪಸಿದ್ದನದು. ಕಾಯಂ ಹುದ್ದೆ, ಪಿಂಚಣಿಯೂ ಉಂಟು. ಹಾಗಾಗಿ ಅವನು ಮನೆದೇವರಿಗಿಂತ ಹೆಚ್ಚಾಗಿ ದೊರೆಯ ಗಂಟಲನ್ನು ನಂಬಿದ್ದ.

ಒಂದು ಮಧ್ಯಾಹ್ನ ಆ ಗಂಟಲು ಕೈಕೊಟ್ಟಿತು. ದೊರೆ ಹನ್ನೆರಡು ಹೋಳಿಗೆ ಇಳಿಸಿದರು, ತೇಗಲಿಲ್ಲ. ಸಂಜೆಯಾಯಿತು. ಊರಿನ ಒಲೆಗಳ ಮೇಲೆ ಸಾರು ಆರಿತು, ಮಕ್ಕಳು ಅತ್ತವು. ಕೆಂಪಸಿದ್ದನ ಹೆಂಡತಿ ಚಿಕ್ಕತಾಯಿ ಅರಮನೆಯ ಗೋಡೆಯಾಚೆಯಿಂದ ಕೂಗಿದಳು:

"ಏನಂದ್ರೇ, ಹಸ್ದು ಸಾಯ್ತಾ ಇವ್ನಿ! ಸುಮ್ಕೆ ಒಂದೇಟು ಹೊಡುದ್ಬುಡಿ, ಯಾರ್ಗೆ ಗೊತ್ತಾಯ್ತದೆ?"

"ತೇಗಿಲ್ದೆ ಹೊಡುದ್ರೆ ತಲೆ ಹೋಯ್ತದೆ ಕಣೇ!" ಎಂದ ಕೆಂಪಸಿದ್ದ. ಅವನ ಹೊಟ್ಟೆಯೂ ಚುರುಗುಟ್ಟುತ್ತಿತ್ತು.

ರಾಜವೈದ್ಯೆ ಗೌರಾಂಬೆ ಬಂದು ನಾಡಿ ಹಿಡಿದಳು. "ಪ್ರಭು, ಅನ್ನ ಅರಗುವ ಕೆಲಸ ಬಾಯಲ್ಲೇ ಶುರು. ಹಲ್ಲು ಅರೆಯಬೇಕು, ಜೊಲ್ಲು ಬೆರೆಯಬೇಕು. ಆಮೇಲೆ ಹೊಟ್ಟೆ ಹುಳಿರಸ ಸುರಿದು ಕಡೆಯುತ್ತದೆ, ಸಣ್ಣ ಕರುಳು ಸಾರ ಹೀರಿ ರಕ್ತಕ್ಕೆ ಕೊಡುತ್ತದೆ, ದೊಡ್ಡ ಕರುಳು ನೀರು ಹಿಂಡಿಕೊಂಡು ಉಳಿದದ್ದನ್ನು ಹೊರಗಟ್ಟುತ್ತದೆ. ತಾವೋ ಹೊಗಳಿಕೆ ಕೇಳುತ್ತ ಇಡಿಇಡಿಯಾಗಿ ನುಂಗುತ್ತೀರಿ. ಅಗಿದು ತಿನ್ನಿ, ಸಾಕು."

ಅಮಾತ್ಯ ಸಮ್ಮತಿರಾಯರು ಕಿವಿ ಮುಚ್ಚಿಕೊಂಡರು. "ಶಿವ ಶಿವಾ! ಚಕ್ರವರ್ತಿಗಳ ಬಾಯಿ ಇರುವುದು ಅಪ್ಪಣೆ ಕೊಡಲಿಕ್ಕೆ ತಾಯೀ, ಅರೆಯಲಿಕ್ಕಲ್ಲ. ಅಗಿಯುವ ಹೊಣೆಯನ್ನು ಸಾರ್ವಜನಿಕ ಸಹಭಾಗಿತ್ವಕ್ಕೆ ವಹಿಸೋಣ."

ದೊರೆಗೆ ಇದು ಹಿಡಿಸಿತು. ಶಾಸನ ಹೊರಟಿತು: ದೊರೆ ನುಂಗಿದ ಪ್ರತಿ ತುತ್ತಿಗೂ ಪ್ರತಿಯೊಬ್ಬ ಪ್ರಜೆ ಬರಿಬಾಯಲ್ಲಿ ಮೂವತ್ತೆರಡು ಸಲ ಅಗಿಯತಕ್ಕದ್ದು. ಹಲ್ಲಿಲ್ಲದ ಹಿರಿಯ ನಾಗರಿಕರು ವಸಡು ಬಳಸಬಹುದು.

ಎರಡು ದಿನ ಉದರಾವತಿ ಅಗಿಯಿತು. ಅರಮನೆಯ ಅಡುಗೆಯವರೂ ಪ್ರಜೆಗಳೇ ಆದ್ದರಿಂದ ಸೌಟು ಕೆಳಗಿಟ್ಟು ಅಗಿಯುತ್ತ ಕುಳಿತರು. ದೊರೆಗೆ ಹೊಸ ಊಟ ಬರಲಿಲ್ಲ, ಹಳೆಯದು ತನ್ನಷ್ಟಕ್ಕೆ ಅರಗಿತು. ಮೂರನೆಯ ದಿನ ಬೆಳಿಗ್ಗೆ ಕಿಟಕಿ ಅದುರುವಂಥ ತೇಗು ಬಂತು. ಕೆಂಪಸಿದ್ದ ಆನಂದದಿಂದ ಅಳುತ್ತ ನಗಾರಿ ಬಡಿದ.

"ಊಟ ನಿಂತಿದ್ದಕ್ಕೆ ಅರಗಿದ್ದು," ಎಂದಳು ಗೌರಾಂಬೆ. ಯಾರು ಕೇಳಬೇಕು? ಸಮ್ಮತಿರಾಯರಿಗೆ ಚಿನ್ನದ ದವಡೆ ಪ್ರಶಸ್ತಿ ಸಂದಿತು. ಶಾಸನ ಕಾಯಂ ಆಯಿತು, ಒಂದು ಹೊಸ ಕಲಮಿನೊಡನೆ: ಅಗಿಯದೆ ನುಂಗುವುದು ಇನ್ನು ಮುಂದೆ ದೊರೆಗೆ ಮಾತ್ರ ಸಲ್ಲುವ ಮರ್ಯಾದೆ. ತಪಾಸಣೆಗೆ ಮನೆಮನೆಗೂ ದವಡೆ ಇನ್ಸ್‌ಪೆಕ್ಟರರು ಹೊರಟರು.

ಕೆಂಪಸಿದ್ದ ನೋಯುವ ದವಡೆ ಹಿಡಿದುಕೊಂಡು ಮನೆಗೆ ಬಂದ. ಚಿಕ್ಕತಾಯಿ ಬಿಸಿ ರಾಗಿಮುದ್ದೆ, ಹುರುಳಿಸಾರು ಬಡಿಸಿದಳು. "ಸದ್ಯ, ಮುದ್ದೆಯ ಅಗಿಯೋ ಕಷ್ಟ ಇಲ್ಲ. ಸಾರಲ್ಲಿ ಅದ್ದಿ ನುಂಗ್ಬುಡಿ."

ತುತ್ತು ಬಾಯಿಗೆ ಹೋಗಿತ್ತಷ್ಟೆ. ಬಾಗಿಲಲ್ಲಿ ಇನ್ಸ್‌ಪೆಕ್ಟರರೊಬ್ಬರು ಕೆಮ್ಮಿದರು. "ನುಂಗ್ಬೇಡ ಕಣಯ್ಯ! ಮೂವತ್ತೆರಡು ಸಲ. ಎಣಿಸ್ತೀನಿ."

ಹುಟ್ಟಿದಾಗಿನಿಂದ ನುಂಗಿಕೊಂಡು ಬಂದ ಮುದ್ದೆಯನ್ನು ಕೆಂಪಸಿದ್ದ ಮೊದಲ ಸಲ ಅಗಿದ. ಅದು ಹಲ್ಲಿಗೆ ಮೆತ್ತಿಕೊಂಡಿತು. ಹತ್ತೊಂಬತ್ತನೆಯ ಸಲಕ್ಕೆ ಅರಮನೆಯ ಕಹಳೆ ಮೊಳಗಿತು.

"ದೊರೆಗಳು ಊಟಕ್ಕೆ ಕೂತ್ರು," ಎಂದು ಇನ್ಸ್‌ಪೆಕ್ಟರರು ಕೈಮುಗಿದರು. "ಇವತ್ತೂ ಹೋಳಿಗೆಯಂತೆ. ಅದನ್ನ ಉಗುದ್ಬುಟ್ಟು ನಗಾರಿ ಹತ್ರ ನಡಿ. ದಾರೀಲೇ ಬರಿಬಾಯಲ್ಲಿ ಅಗಿಯೋಕೆ ಶುರು ಮಾಡು."

ಕೆಂಪಸಿದ್ದ ತುತ್ತನ್ನು ತಟ್ಟೆಗೆ ಉಗಿದು, ಮುದ್ದೆಯನ್ನೊಮ್ಮೆ ನೋಡಿ, ಬರಿಬಾಯಿ ಅಗಿಯುತ್ತ ಹೊರಟ.