ಕನ್ಯೆ ನೋಡಲು ಹೋದ ಸಂಖ್ಯೆ

ನಾಲ್ಕು ಜನ ಸೇರಿದ ಕಡೆ ಕೆಲವರು ಹಾಡುತ್ತಾರೆ, ಕೆಲವರು ಅಣಕು ಮಾಡಿ ನಗಿಸುತ್ತಾರೆ. ನನ್ನ ಬಂಡವಾಳ ಒಂದೇ ಒಂದು ಸಂಖ್ಯೆ: 142857. ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು ಎಂದು ಓದಿ ಮುಗಿಸುವಷ್ಟರಲ್ಲಿ ಕೇಳುವವರು ಜಾಗ ಖಾಲಿ ಮಾಡಿರುತ್ತಾರೆ. ಆದರೂ ನಾನು ಬಿಡುವವನಲ್ಲ. ಅದನ್ನು ಎರಡರಿಂದ ಗುಣಿಸಿ, 285714. ಮೂರರಿಂದ ಗುಣಿಸಿ, 428571. ಆರರವರೆಗೂ ಅವೇ ಅಂಕಿಗಳು, ಅದೇ ಸಾಲು. ಹಿಂದಿದ್ದವರು ಮುಂದೆ ಬಂದು ಕೂತಿರುತ್ತಾರೆ, ಅಷ್ಟೇ. ನಮ್ಮ ಲಿಂಗಸುಗೂರು ಬಸ್ಸಿನಲ್ಲಿ ಇಷ್ಟು ಮರ್ಯಾದೆಯಿಂದ ಯಾರೂ ಜಾಗ ಬಿಟ್ಟುಕೊಟ್ಟಿದ್ದನ್ನು ನಾನು ಕಂಡಿಲ್ಲ.

ನಿಜಾಮರ ಆಳಿಕೆ ಮುಗಿದು, ಸಿಂಧನೂರಿನ ಶಾಲೆಯಲ್ಲಿ ಕನ್ನಡದಲ್ಲಿ ಲೆಕ್ಕ ಕಲಿಸಲು ನನ್ನನ್ನು ಹಾಕಿದ್ದ ಹೊಸತು. ಅಲ್ಲಿಯವರೆಗೆ ನೋಡಿದ ಕನ್ಯೆಯರೆಲ್ಲ ನನ್ನನ್ನು ಒಲ್ಲೆ ಎಂದಿದ್ದರು. "ಇದೂ ತಪ್ಪಿದ್ರ ನೀ ಮಠ ಸೇರೂದ ಚಲೋ" ಎಂದು ಹರಸಿ ಅವ್ವ ನನ್ನನ್ನು ಮಸ್ಕಿಗೆ ಹೊರಡಿಸಿದಳು. ಕನ್ಯೆಯ ಹೆಸರು ಗಿರಿಜಾ, ಅವಳಪ್ಪ ಕಾಳಿನ ವ್ಯಾಪಾರಿ ಈರಪ್ಪ ಸಾಹುಕಾರರು. ಗಿರಿಜೆಯನ್ನು ಕಂಡ ಕೂಡಲೇ, ಮದುವೆಯಾದರೆ ಇವಳನ್ನೇ ಆಗಬೇಕು ಎನಿಸಿತು.

ತಿಂಡಿಗೆ ಕೊಟ್ಟ ಒಗ್ಗರಣಿ-ಮಿರ್ಚಿ ಮುಗಿದ ಮೇಲೆ ಸಾಹುಕಾರರು, "ಮಾಸ್ತರ, ಏನರ ಲೆಕ್ಕದ ಕರಾಮತ್ತು ತೋರಸ್ರಿ" ಎಂದರು. ಇನ್ನು ಕೇಳಬೇಕೇ? ಪಾಟಿ-ಬಳಪ ತರಿಸಿ ನನ್ನ ಸಂಖ್ಯೆ ಬರೆದು, ಅದರ ಕೆಳಗೆ ಎರಡರಿಂದ ಆರರವರೆಗೆ ಗುಣಿಸಿದ್ದನ್ನು ಸಾಲುಸಾಲಾಗಿ ಬರೆಯುತ್ತ ಹೋದೆ. ಕಾಳು ಅಳೆಯುವವರ ಪದ್ಧತಿಯಂತೆ ಅವರು ಒಂದಕ್ಕೆ "ಲಾಭ" ಎನ್ನುತ್ತ, "ಎರಡು, ಮೂರು" ಎಂದು ಎಣಿಸುತ್ತ, ಒಂದೊಂದು ಸಾಲಿಗೂ ತಲೆದೂಗಿದರು. "ಶಾಬಾಸ್! ಆರು ಮಂದಿ ಅಣ್ಣತಮ್ಮರು, ಒಬ್ಬನೂ ಮನಿ ಬಿಟ್ಟು ಹೋಗಿಲ್ಲ ನೋಡ್ರಿ!"

ಅಲ್ಲಿಗೇ ನಿಲ್ಲಿಸಬೇಕಿತ್ತು. "ಖರೇ ಮಜಾ ಏಳರಾಗ ಐತ್ರಿ! ಏಳರಿಂದ ಗುಣಿಸಿದ್ರ..." ಎಂದೆ. ಸಾಹುಕಾರರು ಎರಡೂ ಕಿವಿ ಮುಚ್ಚಿಕೊಂಡರು. ಆ ಮನೆತನದಲ್ಲಿ ರಾಶಿ ಅಳೆಯುವಾಗಾಗಲಿ, ಶುಭಕಾರ್ಯದಲ್ಲಾಗಲಿ ಏಳರ ಅಂಕಿಯನ್ನು ಬರೆದರೆ ದೋಷವಿಲ್ಲ, ಬಾಯಿಂದ ಆಡುವಂತಿಲ್ಲವಂತೆ. "ಕನ್ಯಾ ನೋಡಾಕ ಬಂದು ಅಪಶಕುನ ನುಡದಾನಲ್ಲ ಇಂವ!" ಎಂದು ಗಿರಿಜೆಯ ಅಜ್ಜಿ ನನ್ನ ಮುಂದಿದ್ದ ಚಹಾ ಎತ್ತಿಕೊಂಡು ಒಳಗೆ ನಡೆದಳು. ನನಗೆ ಮಠ ಕಣ್ಣಿಗೆ ಕಟ್ಟಿತು.

ಆಗ ಗಿರಿಜಾ ತಲೆ ಎತ್ತದೆಯೇ, "ಅಪ್ಪಾ, ಅಂಗಡ್ಯಾಗ ಅದಕ್ಕ 'ಆರರ ಮ್ಯಾಲ ಲಾಭ' ಅಂತೀವಲ್ಲ? ಮಾಸ್ತರೂ ಹಂಗ ಮಾಡ್ಲಿ. ಆರರ ಸಾಲಿಗೆ ಲಾಭದ ಸಾಲು ಕೂಡಸ್ಲಿ" ಎಂದಳು.

ಆರರ ಸಾಲು 857142. ಅದರ ಕೆಳಗೆ 142857 ಬರೆದೆ. ಎಂಟೂ ಒಂದೂ ಒಂಬತ್ತು, ಐದೂ ನಾಲ್ಕೂ ಒಂಬತ್ತು, ಹೀಗೆ ಎಲ್ಲ ಮನೆಯಲ್ಲೂ ಒಂಬತ್ತೇ. 999999! ಇಷ್ಟು ವರ್ಷ ಬೆವರು ಸುರಿಸಿ ಗುಣಿಸುತ್ತಿದ್ದ ನನಗೆ ಈ ಒಳದಾರಿ ಹೊಳೆದೇ ಇರಲಿಲ್ಲ. ಸಾಹುಕಾರರು ಪಾಟಿಯನ್ನು ಕಣ್ಣಿಗೊತ್ತಿಕೊಂಡರು. "ಹುಡುಗ ಹೆಂಗೋ ಗೊತ್ತಿಲ್ಲ, ಸಂಖ್ಯಾ ಮಾತ್ರ ದೊಡ್ಡ ಮನಿತನದ್ದೈತಿ. ಕೊಡೂಣು." ಹೋದ ಚಹಾ ತಿರುಗಿ ಬಂತು.

ಮದುವೆಯೂ ಆಯಿತು. ಈಗಲೂ ಮಾತಿಗೆ ಮಾತು ಬೆಳೆದಾಗ ನಾನು, "ನನ್ನ ಬುದ್ಧಿ ಮೆಚ್ಚೇ ನಿಮ್ಮಪ್ಪ ಹೆಣ್ಣು ಕೊಟ್ಟಾರ" ಎಂದು ಮೀಸೆ ತಿರುವುತ್ತೇನೆ. ಗಿರಿಜಾ ರೊಟ್ಟಿ ಬಡಿಯುವ ಕೈ ನಿಲ್ಲಿಸುವುದೂ ಇಲ್ಲ.

"ನಮ್ಮಪ್ಪ ಒಪ್ಪಿದ್ದು ಆ ಸಂಖ್ಯಾಕ್ಕ ರೀ. ನೀವು ಅದನ್ನ ಹೊತ್ತು ತಂದ ಹಮಾಲ್ರು."